ಮೂರು ಸೆಕೆಂಡಿನ ಸದ್ದು

ನವೆಂಬರ್ 3, ಸೋಮವಾರ

ಗಾಜಿನವನ ಪಿಕಪ್ ಮತ್ತೆ ಬಂದಿದೆ. ಹೋದ ತಿಂಗಳು ಎರಡು ಸಲ ಬಂದು ಹೋಗಿತ್ತು, ಇದು ಮೂರನೆಯದು. ಕಿಟಕಿ ಗಾಜು, ಕನ್ನಡಿ, ಅಂಗಡಿಗಳ ಮುಂದಿನ ಆಳೆತ್ತರದ ಗಾಜು ಎಲ್ಲವನ್ನೂ ಹಿಂದಿನ ಓರೆ ಚೌಕಟ್ಟಿಗೆ ಕಟ್ಟಿಕೊಂಡು ಊರೆಲ್ಲ ಸುತ್ತುವ ಮನುಷ್ಯ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ನಿನ ಮುಂಭಾಗದಿಂದ ಮೂರೇ ಮೂರು ಸೆಕೆಂಡು ಗರಗರ ಸದ್ದು ಬರುತ್ತದಂತೆ. ಆಮೇಲೆ ಇಡೀ ದಿನ ತುಟಿಪಿಟಕ್ ಅನ್ನುವುದಿಲ್ಲವಂತೆ.

"ಡಬ್ಬಕ್ಕೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗಿರುತ್ತಮ್ಮಾ," ಎಂದ.

"ನಿಮ್ಮ ಗಾಜೇ ಅಲ್ಲಾಡಿರಬೇಕು ಬಿಡಿ," ಎಂದು ನಮ್ಮ ವರ್ಕ್‌ಶಾಪಿನ ಬ್ರೇಕಿನವನು ಗಾಡಿಯ ಕೆಳಗಿನಿಂದಲೇ ಕೀಟಲೆ ಮಾಡಿದ.

ಗಾಜಿನವನು ನಗಲಿಲ್ಲ. "ಮೂವತ್ತು ವರ್ಷದಿಂದ ಗಾಜು ಹೊರ್ತಿದೀನಿ. ಯಾವ ಸದ್ದು ನನ್ನದು, ಯಾವುದು ನನ್ನದಲ್ಲ ಅಂತ ಗೊತ್ತಾಗಲ್ವಾ ನಂಗೆ?"

ಅವನು ಹೋದ ಮೇಲೆ ಆಫೀಸಿನಿಂದ ಚೀಟಿ ಇಳಿದು ಬಂತು. "ಪಿಕಪ್, ಸದ್ದು. ನೀನೇ ನೋಡು. ಇಂಜಿನ್ ಶೆಡ್ ಬಗ್ಗೆ ಈ ತಿಂಗಳ ಕೊನೆಗೆ ತೀರ್ಮಾನ." ಆಫೀಸು ಎಂದರೆ ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಕ್ಕ, ಈ ವರ್ಕ್‌ಶಾಪಿನ ಯಜಮಾನಿ. ನಾಲ್ಕು ತಿಂಗಳಿಂದ ನಮ್ಮಿಬ್ಬರ ಮಾತೆಲ್ಲ ಚೀಟಿಯಲ್ಲೇ. ಅಕ್ಕ ಎಂದು ಬರೆಯಲು ಕೈ ಏಳುವುದಿಲ್ಲ, ಹಾಗಾಗಿ ಆಫೀಸು.

ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತು. ಪಕ್ಕದ ಟೈರ್ ಅಂಗಡಿಯವನು ನನ್ನ ಇಂಜಿನ್ ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದಾನೆ. ಅವನಿಗೆ ಕೊಟ್ಟರೆ ಇಲ್ಲಿ ಇನ್ನು ಮುಂದೆ ಇಂಜಿನ್ ಬಿಚ್ಚುವುದಿಲ್ಲ. ಹದಿನೆಂಟು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ನಾನು ಆಯಿಲ್ ಬದಲಾಯಿಸಿಕೊಂಡು ಬ್ರೇಕಿನವನ ಪಕ್ಕ ಕೂರಬೇಕು. ತಪ್ಪು ನನ್ನದೇ. ನಾಲ್ಕು ತಿಂಗಳ ಹಿಂದೆ ತರಕಾರಿ ಪಿಕಪ್ ಒಂದಕ್ಕೆ ಹೊಸ ಟೈಮಿಂಗ್ ಚೈನು, ಅಂದರೆ ಪಿಸ್ಟನ್ನು, ವಾಲ್ವುಗಳನ್ನು ಒಂದೇ ತಾಳದಲ್ಲಿ ಓಡಿಸುವ ಸರಪಳಿ, ಹಾಕುತ್ತಿದ್ದೆ. ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಹೊಸದಾಗಿ ಬರುವಾಗ ಒಳಕ್ಕೆ ಅದುಮಿ ಒಂದು ಪಿನ್ ಚುಚ್ಚಿರುತ್ತಾರೆ. ಕೂರಿಸಿದ ಮೇಲೆ ಪಿನ್ ಎಳೆದರೆ ಅದು ಹೊರಕ್ಕೆ ಚಿಮ್ಮಿ ಚೈನನ್ನು ಒತ್ತಬೇಕು. ಟೆನ್ಷನರ್ ಕೂರಿಸಿದ್ದೆ, ಅಷ್ಟರಲ್ಲಿ ಮೇಲಿನಿಂದ ಕರೆ ಬಂತು, ಎದ್ದು ಹೋದೆ. ಬಂದವಳು ಕವರ್ ಮುಚ್ಚಿಬಿಟ್ಟೆ. ಮಾರನೇ ದಿನ ಸಡಿಲ ಚೈನು ಹಲ್ಲು ಜಾರಿ, ಪಿಸ್ಟನ್ನು ವಾಲ್ವಿಗೆ ಬಡಿದು, ಇಂಜಿನ್ ಸತ್ತಿತು. ಬಿಚ್ಚಿ ನೋಡಿದರೆ ಪಿನ್ ಚುಚ್ಚಿದ ಜಾಗದಲ್ಲೇ ಹಾಯಾಗಿ ಕೂತಿತ್ತು. ಅದೇ ಪಿನ್ ಈಗ ಈ ದಿನಚರಿಗೆ ಪುಟದ ಗುರುತು.

ಇವತ್ತು ಬೆಳಗ್ಗೆಯೂ ಮನೆಯಿಂದ ಹೊರಡುವಾಗ ಬೀಗ ಎಳೆದು ನೋಡಿದೆ. ಗೇಟಿನಿಂದ ವಾಪಸ್ ಬಂದು ಎಳೆದೆ. ತಿರುವಿನಿಂದ ಮತ್ತೊಮ್ಮೆ. "ಅಮ್ಮಾ, ಬೀಗ ಎಲ್ಲಿಗೂ ಓಡಿ ಹೋಗಲ್ಲ. ನಂಗೆ ಸ್ಕೂಲಿಗೆ ಹೊತ್ತಾಯ್ತು," ಎಂದಳು ಮಗಳು.

ನವೆಂಬರ್ 4, ಮಂಗಳವಾರ

ಏಳೂವರೆಗೆ ಬಂದು ಪಿಕಪ್ಪಿನ ಸೆಲ್ಫ್ ಹೊಡೆದೆ. ಸದ್ದಿಲ್ಲ. ಆರಿಸಿ ಮತ್ತೆ ಹೊಡೆದೆ. ಸದ್ದಿಲ್ಲ. ಇನ್ನು ನಾಳೆಯೇ.

ಈ ಸದ್ದಿನ ತಮಾಷೆ ಇದು. ಇಂಜಿನ್ ರಾತ್ರಿಯೆಲ್ಲ ತಣ್ಣಗೆ ನಿಂತಾಗ ಆಯಿಲ್ ಕೆಳಕ್ಕಿಳಿದು ಟೆನ್ಷನರ್ ಬರಿದಾಗುತ್ತದೆ. ಬೆಳಗ್ಗೆ ಆಯಿಲ್ ಮೇಲಕ್ಕೇರುವ ತನಕ ಚೈನು ಸಡಿಲ, ಆಗ ಮಾತ್ರ ಅದು ಬಾಯಿಬಿಡುತ್ತದೆ. ಒಮ್ಮೆ ಬೆಚ್ಚಗಾದರೆ ಮುಗಿಯಿತು, ಕುತ್ತಿಗೆ ಹಿಸುಕಿದರೂ ಸತ್ಯ ಹೇಳುವುದಿಲ್ಲ. ಅಂದರೆ ನನಗೆ ದಿನಕ್ಕೆ ಒಂದೇ ಅವಕಾಶ, ಅದೂ ಮೂರು ಸೆಕೆಂಡು.

ನವೆಂಬರ್ 5, ಬುಧವಾರ

ಸದ್ದಿಲ್ಲ. ಆಫೀಸಿನಿಂದ ಚೀಟಿ: "ಕೇಳಿಸಿತಾ?" ಅದರ ಬೆನ್ನಿಗೇ "ಇಲ್ಲ" ಎಂದು ಬರೆದು ಕಳಿಸಿದೆ.

ಇಲ್ಲಿ ಯಾರೂ ಓದುವುದಿಲ್ಲವಲ್ಲ, ನಿಜ ಬರೆಯುತ್ತೇನೆ. ಸದ್ದು ಬರಲಿಲ್ಲವೆಂದು ಖುಷಿಯಾಯಿತು. ಸದ್ದಿಲ್ಲದಿದ್ದರೆ ಇಂಜಿನ್ ಬಿಚ್ಚಬೇಕಾಗಿಲ್ಲ.

ನವೆಂಬರ್ 6, ಗುರುವಾರ

ಇವತ್ತೂ ಇಲ್ಲ. ಬಂದು ಗಾಡಿ ತಗೊಂಡು ಹೋಗಿ ಎಂದು ಗಾಜಿನವನಿಗೆ ಫೋನು ಮಾಡಿದೆ. ಸಂಜೆ ಬಂದ. ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡಿದ್ದೆ, ಸುಮ್ಮನೆ ಬೆಂಚಿನ ಮೇಲೆ ಕೂತ.

"ನಾನು ಸುಳ್ಳು ಹೇಳ್ತಿದೀನಿ ಅಂತ ನಿಂಗೂ ಅನ್ಸುತ್ತಾ?" ಎಂದು ಕೇಳಿದ.

"ಹಾಗಲ್ಲ ಅಣ್ಣಾ, ಮೂರು ದಿನ ಕಾದೆ," ಎಂದೆ.

"ಇನ್ನೊಂದು ದಿನ ಇಟ್ಕೋಮ್ಮಾ. ದಾರೀಲಿ ಕೆಟ್ಟು ನಿಂತ್ರೆ ಗಾಡಿ ಹೋಗ್ಲಿ ಅನ್ಬಹುದು. ಹಿಂದೆ ಆಳೆತ್ತರದ ಗಾಜು ಇರುತ್ತೆ, ಅಕ್ಕಪಕ್ಕ ಜನ ಇರ್ತಾರೆ."

ಅವನು ಎದ್ದು ಹೋದ ಮೇಲೂ ಆ ಬೆಂಚಿನ ಕಡೆ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಅವನ ಕಷ್ಟಕ್ಕಿಂತ ನನ್ನ ಭಯ ದೊಡ್ಡದಾಗಿಬಿಟ್ಟಿತ್ತು.

ನವೆಂಬರ್ 7, ಶುಕ್ರವಾರ

ಈ ದಿನವನ್ನು ಪೂರ್ತಿ ಬರೆಯಬೇಕು.

ಮಗಳ ಶಾಲೆಯಲ್ಲಿ ಆಟೋಟದ ಅಭ್ಯಾಸವಿತ್ತು, ಅವಳನ್ನು ಬೇಗ ಬಿಟ್ಟು ಆರೂಮುಕ್ಕಾಲಿಗೇ ವರ್ಕ್‌ಶಾಪಿಗೆ ಬಂದೆ. ಅಂಗಳದಲ್ಲಿ ಏಳು ಗಾಡಿ ನಿಂತಿದ್ದವು. ಒಂದೊಂದರ ಬಾನೆಟ್ಟಿನ ಮೇಲೂ ಇಬ್ಬನಿ ಮುತ್ತಿಕೊಂಡಿತ್ತು. ಬ್ರೇಕಿನವನು ನಿನ್ನೆ ಯಾವುದೋ ಕಾರಿನ ಮೇಲೆ ಬೆರಳಿನಲ್ಲಿ ಬಿಡಿಸಿದ ಮೀಸೆಯ ಗುರುತು ಕೂಡ ಆ ಇಬ್ಬನಿಯಲ್ಲಿ ಎದ್ದು ಕಾಣುತ್ತಿತ್ತು. ಪಿಕಪ್ಪಿನ ಬಾನೆಟ್ ಮಾತ್ರ ಒಣಗಿತ್ತು.

ಕೈಯಿಟ್ಟೆ. ಬೆಚ್ಚಗಿತ್ತು.

ವಾಚ್‌ಮನ್ ತಾತ ನಲ್ಲಿಯ ಹತ್ತಿರ ಬಕೆಟ್ಟು ತುಂಬಿಸುತ್ತಿದ್ದರು. "ತಾತಾ, ಈ ಪಿಕಪ್ಪನ್ನ ಯಾರಾದ್ರೂ ಸ್ಟಾರ್ಟ್ ಮಾಡಿದ್ರಾ?"

"ನಾನೇ ಅಮ್ಮಾ. ಗಾಡಿ ನಲ್ಲಿಗೆ ಅಡ್ಡ ನಿಂತಿರುತ್ತೆ, ಕಸ ಗುಡಿಸೋಕೂ ಆಗಲ್ಲ. ದಿನಾ ಆರು ಗಂಟೆಗೆ ಒಂಚೂರು ಹಿಂದೆ ತಗೀತೀನಿ. ಚಳಿ ಅಲ್ವಾ, ನೀವು ಬರೋ ಹೊತ್ತಿಗೆ ಬಿಸಿಯಾಗಿರ್ಲಿ ಅಂತ ಐದು ನಿಮಿಷ ಓಡಿಸಿ, ಮತ್ತೆ ಮುಂದಕ್ಕೆ ತಂದು ನಿಲ್ಲಿಸ್ತೀನಿ."

ಮೂರು ದಿನ ನಾನು ತಣ್ಣಗಿನ ಇಂಜಿನ್ ಎಂದುಕೊಂಡು ಕಿವಿಗೊಟ್ಟದ್ದು ತಾತ ಕಾಯಿಸಿಟ್ಟ ಇಂಜಿನ್ನಿಗೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸ್ಟಾರ್ಟ್ ಮಾಡಿದಾಗ ಏನಾದ್ರೂ ಸದ್ದು ಬಂತಾ ತಾತಾ?"

"ಹೂಂ, ದಿನಾ ಬರುತ್ತಲ್ಲ. ಮೊಳೆ ಡಬ್ಬ ಅಲ್ಲಾಡಿಸಿದ ಹಾಗೆ. ರಿಪೇರಿಗೆ ಬಂದಿರೋ ಗಾಡಿ ತಾನೇ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಊರಿಗೆಲ್ಲ ಕೇಳಿಸಿದ್ದು ನನ್ನೊಬ್ಬಳಿಗೆ ಕೇಳಿಸಿರಲಿಲ್ಲ. ತಾತನನ್ನು ಬೈಯಲು ಬಾಯಿ ಬರಲಿಲ್ಲ. ಪಿಕಪ್ಪಿನ ಬೀಗದ ಕೈ ನನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಿದ್ದೇನೆ. ಗಾಡಿಯನ್ನು ನಲ್ಲಿಯಿಂದ ದೂರ ನಿಲ್ಲಿಸಿದ್ದೇನೆ.

ನವೆಂಬರ್ 8, ಶನಿವಾರ

ಬಂತು. ಇಬ್ಬನಿ ಒರೆಸಿ ಬಾನೆಟ್ ಎತ್ತಿದೆ, ತಾತನನ್ನೇ ಸೀಟಿನಲ್ಲಿ ಕೂರಿಸಿದೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮುಂದಿನ ಕವರಿಗೆ ಆನಿಸಿ ಹಿಡಿಯನ್ನು ಕಿವಿಗೊತ್ತಿಕೊಂಡು "ಹೊಡೀರಿ" ಎಂದೆ. ಗರಗರಗರ. ಮೇಲ್ಭಾಗದ ಬಲಗಡೆ, ಚೈನಿನದೇ. ಗಾಜಿನವನ ಲೆಕ್ಕ ಸರಿ, ಮೂರು ಸೆಕೆಂಡು.

ಅವನಿಗೆ ಫೋನು ಮಾಡಿ, "ಅಣ್ಣಾ, ಸದ್ದು ಇದೆ. ನೀವು ಹೇಳಿದ್ದೇ ನಿಜ," ಎಂದೆ. "ಹೆಂಡತೀಗೆ ಹೇಳ್ತೀನಿ ಇರು," ಎಂದ. ಮನೆಯಲ್ಲೂ ಅವನನ್ನು ಯಾರೂ ನಂಬಿರಲಿಲ್ಲವೇನೋ ಪಾಪ.

ನವೆಂಬರ್ 10, ಸೋಮವಾರ

ಆಯಿಲ್ ಫಿಲ್ಟರ್ ಬಿಚ್ಚಿದೆ. ಯಾರೋ ಕಳಪೆ ಫಿಲ್ಟರ್ ಹಾಕಿದ್ದಾರೆ. ಒಳ್ಳೆಯ ಫಿಲ್ಟರಿನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ಇರುತ್ತದೆ, ಇದರಲ್ಲಿ ಅದು ಒಣಗಿ ಹಪ್ಪಳವಾಗಿದೆ. ದೋಷ ಇಷ್ಟೇ ಇದ್ದರೆ ಚೈನಿನ ತಂಟೆಗೇ ಹೋಗಬೇಕಿಲ್ಲ. ಹೊಸ ಫಿಲ್ಟರು, ಹೊಸ ಆಯಿಲ್ ಹಾಕಿದೆ. ಇದೇ ಆಗಿರಲಿ, ಇದೇ ಆಗಿರಲಿ.

ನವೆಂಬರ್ 11, ಮಂಗಳವಾರ

ಬೆಳಗ್ಗೆ ಸದ್ದು ಬಂತು. ಎರಡು ಸೆಕೆಂಡು. ಎರಡೇ ಎಂದು ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ.

ಮಧ್ಯಾಹ್ನ ಗಾಜಿನವನು ಬಂದ. ಅಷ್ಟು ಹೊತ್ತಿಗೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದಿದ್ದೆ. ಸ್ಟಾರ್ಟ್ ಮಾಡಿ ತೋರಿಸಿದೆ. ಬೆಣ್ಣೆಯಷ್ಟು ನಯವಾಗಿತ್ತು. ಮೇಲಿನ ಕಿಟಕಿಯಲ್ಲಿ ಆಫೀಸು ನಿಂತು ನೋಡುತ್ತಿತ್ತು. ಗಾಜಿನವನ ಮುಖ ಅರಳಿತು. ಬೀಗದ ಕೈ ಅವನ ಅಂಗೈ ಮೇಲಿಟ್ಟೆ.

ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲು ಆಗಲಿಲ್ಲ. ಅವನು ಹೇಳಿದ್ದ ಆಳೆತ್ತರದ ಗಾಜು, ಅಕ್ಕಪಕ್ಕದ ಜನ, ಎಲ್ಲ ಕಣ್ಣ ಮುಂದೆ ಬಂತು.

"ಅಣ್ಣಾ, ಇದು ಸರಿ ಹೋಗಿಲ್ಲ. ಬೆಳಗ್ಗೆ ಸದ್ದು ಬಂತು. ಒಳಗೆ ಬಿಚ್ಚಬೇಕು," ಎಂದೆ.

"ಬಿಚ್ಚು."

"ಇನ್ನೊಂದು ಮಾತು. ನಾಲ್ಕು ತಿಂಗಳ ಹಿಂದೆ ಇದೇ ಕೆಲಸದಲ್ಲಿ ಒಂದು ಇಂಜಿನ್ ಹಾಳು ಮಾಡಿದೀನಿ. ಬೇಕಾದ್ರೆ ಬೇರೆ ಕಡೆ ತಗೊಂಡು ಹೋಗಿ. ನಾನು ಬೇಜಾರು ಮಾಡ್ಕೊಳಲ್ಲ."

ಅವನು ನನ್ನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿದ. "ನಾನು ಎಷ್ಟು ಗಾಜು ಒಡೆದಿದೀನಿ ಅಂತ ಕೇಳಿದ್ಯಾ? ಒಂದೆರಡು ಅಲ್ಲಮ್ಮಾ. ಎಲ್ಲಿ ಹಿಡ್ಕೋಬೇಕು ಅಂತ ಗೊತ್ತಾಗಿದ್ದೇ ಒಡೆದ ಮೇಲೆ." ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು, ಬಸ್ಸಿಗೆ ಹೊರಟೇಬಿಟ್ಟ.

ಕಿಟಕಿಯ ಕಡೆ ನೋಡಿದೆ. ಯಾರೂ ಇರಲಿಲ್ಲ.

ನವೆಂಬರ್ 12, ಬುಧವಾರ

ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಇಳಿಸಿದೆ. ತಳದಲ್ಲಿ ಕಾಳುಮೆಣಸಿನಂಥ ಕಪ್ಪು ಚೂರುಗಳು. ಬೆರಳಲ್ಲಿ ಒತ್ತಿದರೆ ಮುರಿಯುವುದಿಲ್ಲ, ಪ್ಲಾಸ್ಟಿಕ್. ಮುಂದಿನ ಕವರ್ ತೆಗೆದಾಗ ಅವುಗಳ ಮೂಲ ಸಿಕ್ಕಿತು. ಚೈನು ಅತ್ತಿತ್ತ ಬಡಿಯದಂತೆ ಪಕ್ಕದಲ್ಲಿ ಕೂರುವ ಗೈಡ್ ಪಟ್ಟಿ ನಡುವೆ ಮುರಿದಿದೆ. ಚೈನು ದಿನಾ ಬೆಳಗ್ಗೆ ಕವರಿಗೆ ಬಡಿದು ಬಡಿದು ಉಗುರಿನಷ್ಟು ಆಳದ ಗೀರು ಕೊರೆದಿದೆ. ಇನ್ನು ಒಂದು ತಿಂಗಳು ಓಡಿದ್ದರೆ ಚೂರು ಹೋಗಿ ಆಯಿಲ್ ದಾರಿ ಮುಚ್ಚುತ್ತಿತ್ತು, ಇಲ್ಲವೇ ಚೈನು ಹಲ್ಲು ಜಾರುತ್ತಿತ್ತು. ಗಾಜು ತುಂಬಿದ ಗಾಡಿ ನಡುಬೀದಿಯಲ್ಲಿ ನಿಲ್ಲುತ್ತಿತ್ತು.

ಚೀಟಿ ಬರೆಯಲು ಕೂತೆ. ಚೂರುಗಳನ್ನು ಚೀಟಿಯಲ್ಲಿ ಹೇಗೆ ಬರೆಯುವುದು? ಅಂಗೈಯಲ್ಲಿ ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲು ಹತ್ತದೆ ನಾಲ್ಕು ತಿಂಗಳಾಗಿತ್ತು. ಮೇಲಿನಿಂದ ಎರಡನೆಯದು ಈಗಲೂ ಅಲ್ಲಾಡುತ್ತದೆ.

ಅವಳು ಕನ್ನಡಕ ಏರಿಸಿ ಚೂರುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಚಿಕ್ಕಂದಿನಲ್ಲಿ ಹುಣಸೆ ಬೀಜವನ್ನು ಹೀಗೇ ಇಡುತ್ತಿದ್ದಳು.

"ಯಾವತ್ತು ಜೋಡಿಸ್ತೀಯಾ?"

"ಸಾಮಾನು ಶನಿವಾರ ಬರುತ್ತೆ. ಅವತ್ತೇ."

"ಶನಿವಾರ ಬೇಡ. ಜನ ಜಾಸ್ತಿ. ಸೋಮವಾರ ಮಾಡು."

ಇಷ್ಟೇ ಮಾತು. ಜನಕ್ಕೂ ಚೈನಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ನವೆಂಬರ್ 15, ಶನಿವಾರ

ಸಾಮಾನು ಬಂತು. ಚೈನು, ಎರಡು ಗೈಡು, ಟೆನ್ಷನರ್. ಟೆನ್ಷನರಿನಲ್ಲಿ ಪಿನ್ ಇದೆ. ಡಬ್ಬ ಮುಚ್ಚಿ ಕಪಾಟಿನಲ್ಲಿಟ್ಟೆ.

ನವೆಂಬರ್ 17, ಸೋಮವಾರ

ಒಂಬತ್ತಕ್ಕೆ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಅಕ್ಕ ಮೆಟ್ಟಿಲಿಳಿದು ಬಂದಳು. ಖಾಲಿ ಆಯಿಲ್ ಡ್ರಮ್ಮೊಂದನ್ನು ಉರುಳಿಸಿ ತಂದು ಶೆಡ್ಡಿನ ಬಾಗಿಲಿಗೆ ಬೋರಲು ಹಾಕಿ, ಅದರ ಮೇಲೆ ಕೂತಳು. ತಪ್ಪು ಹಿಡಿಯಲು ಬಂದಳೆಂದು ನನಗೆ ಕೋಪ ಬಂತು. ಆದರೆ ಅವಳು ನನ್ನ ಕಡೆ ನೋಡಲೇ ಇಲ್ಲ. ಬೆನ್ನು ನನ್ನ ಕಡೆ, ಮುಖ ಅಂಗಳದ ಕಡೆ.

ಬ್ರೇಕಿನವನು ಹದಿನೇಳರ ಪಾನಾ ಕೇಳಿಕೊಂಡು ಬಂದ. "ಆಮೇಲೆ," ಎಂದಳು. ಯಾರೋ ನನ್ನನ್ನೇ ಕೇಳಿಕೊಂಡು ಬಂದರು. "ಅವಳು ಸಿಗಲ್ಲ." ಫೋನು ಬಂದಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. ಹನ್ನೊಂದಕ್ಕೆ ಟೈರಿನವನು ಅಳತೆ ಟೇಪು ಹಿಡಿದುಕೊಂಡು ಹಾಜರಾದ.

"ಒಂದೇ ನಿಮಿಷ ಅಕ್ಕಾವ್ರೇ, ಗೋಡೆ ಉದ್ದ ನೋಡ್ಕೊಂಡು ಹೋಗ್ತೀನಿ."

"ಒಳಗೆ ಚೈನ್ ಬಿಚ್ಚಿದೆ. ದೇವರೇ ಬಂದ್ರೂ ಈಗ ಒಳಗೆ ಬಿಡಲ್ಲ."

ಟೇಪು ಸುರುಳಿ ಸುತ್ತಿಕೊಂಡಿತು. ನನಗೆ ನಗು ಬಂತು, ಪಾನಾ ಕಚ್ಚಿಕೊಂಡು ತಡೆದೆ.

ಕೆಳಗಿನ ಕ್ರ್ಯಾಂಕಿನ ಹಲ್ಲುಚಕ್ರದ ಗುರುತು ಕೂಡಿಸಿದೆ. ಮೇಲಿನ ಎರಡು ಚಕ್ರಗಳ ಗುರುತು ಕೂಡಿಸಿದೆ. ಚೈನಿನ ಬಣ್ಣದ ಕೊಂಡಿಗಳನ್ನು ಅವುಗಳ ಮೇಲೆ ಕೂರಿಸಿದೆ. ಗೈಡು, ಆಮೇಲೆ ಟೆನ್ಷನರ್. ಬೋಲ್ಟ್ ಬಿಗಿದೆ. ಪಿನ್ನಿಗೆ ಬೆರಳು ಹಾಕಿ ಎಳೆದೆ. ಟಕ್ ಎಂದು ಚಿಮ್ಮಿತು, ಚೈನು ಬಿಗಿಯಿತು. ಪಿನ್ ಅಂಗೈಯಲ್ಲಿತ್ತು. ಹಾಗೇ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಅಕ್ಕ ಮೊದಲ ಬಾರಿ ತಿರುಗಿ ನೋಡಿದಳು. ಅಂಗೈ ತೋರಿಸಿದೆ. ಅವಳು ಮತ್ತೆ ಅಂಗಳದ ಕಡೆ ತಿರುಗಿದಳು.

ಇಂಜಿನ್ನನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ಚಕ್ರಗಳ ಗುರುತು ಮತ್ತೆ ಸರಿಯಾಗಿ ಬಂದು ನಿಂತವು. ಬಣ್ಣದ ಕೊಂಡಿಗಳು ಬೇರೆಲ್ಲೋ ಹೋಗಿದ್ದವು. ಅವು ಇಷ್ಟು ಬೇಗ ವಾಪಸ್ ಬರುವುದಿಲ್ಲ, ಅದು ಹಾಗೆಯೇ. ಕವರಿಗೆ ಪೇಸ್ಟ್ ಹಚ್ಚಿ ಮುಚ್ಚಿದೆ. ಅದು ಒಣಗಬೇಕು, ಸ್ಟಾರ್ಟ್ ನಾಳೆ.

ಅಕ್ಕ ಡ್ರಮ್ಮಿನಿಂದೆದ್ದು ಸೊಂಟ ಹಿಡಿದುಕೊಂಡು, "ಊಟ ಮಾಡಿದ್ಯಾ?" ಎಂದಳು. ಮೂರು ಗಂಟೆಯಾಗಿತ್ತು. ಅವಳೂ ಮಾಡಿರಲಿಲ್ಲ. ಅವಳ ಡಬ್ಬದಲ್ಲಿದ್ದ ಅನ್ನವನ್ನು ಇಬ್ಬರೂ ತಿಂದೆವು.

ನವೆಂಬರ್ 18, ಮಂಗಳವಾರ

ಮೊದಲ ಸ್ಟಾರ್ಟ್. ಗರ್ ಎಂದು ಎರಡು ಸೆಕೆಂಡು ಸದ್ದು ಬಂತು. ತಾತನ ಮುಖ ಬಾಡಿತು, ಬ್ರೇಕಿನವನು ಮೆಲ್ಲನೆ ಜಾಗ ಖಾಲಿ ಮಾಡಿದ.

"ಹೊಸ ಟೆನ್ಷನರ್ ಇನ್ನೂ ಒಣಗಿದೆ ತಾತಾ, ಆಯಿಲ್ ಕುಡೀಬೇಕು. ಇವತ್ತಿನ ಸದ್ದು ಲೆಕ್ಕಕ್ಕಿಲ್ಲ, ನಾಳೇದು ಲೆಕ್ಕ," ಎಂದೆ. ಅಷ್ಟು ಧೈರ್ಯವಾಗಿ ಹೇಗೆ ಹೇಳಿದೆನೋ. ಗೊತ್ತಿದ್ದದ್ದನ್ನು ಹೇಳಿದೆ, ಅಷ್ಟೇ. ಸಂಜೆತನಕ ಓಡಿಸಿ, ತಂದು ನಿಲ್ಲಿಸಿ, ಬೀಗ ಹಾಕಿ ಬಂದೆ.

ನವೆಂಬರ್ 19, ಬುಧವಾರ

ಬೆಳಗ್ಗೆ ದಾರಿಯಲ್ಲಿ ಮಗಳು ಇದ್ದಕ್ಕಿದ್ದಂತೆ ಮನೆಗೆ ವಾಪಸ್ ಓಡಿದಳು. ಏನೇ ಅಂದರೆ, "ನೀನು ಇವತ್ತೂ ಬೀಗ ನೋಡ್ಲಿಲ್ಲ. ಅದಕ್ಕೇ ನಾನು ನೋಡ್ಕೊಂಡು ಬಂದೆ," ಅಂತಾಳೆ. ಹಾಕಿದ ಬೀಗವನ್ನು ನೋಡುವುದೇನು? ಈ ಹುಡುಗಿಗೆ ತಲೆ ಕೆಟ್ಟಿದೆ.

ಅಂಗಳದಲ್ಲಿ ಎಲ್ಲರೂ ನನಗಿಂತ ಮೊದಲೇ ಸೇರಿದ್ದರು. ಗಾಜಿನವನು ಹೆಂಡತಿಯನ್ನೂ ಕರೆತಂದಿದ್ದ, ಸಾಕ್ಷಿಗೆ. ತಾತ ಪಿಕಪ್ಪಿನ ಸುತ್ತ ಮೂರು ಮಾರು ದೂರ ಕಸವನ್ನೇ ಗುಡಿಸಿರಲಿಲ್ಲ. "ಮುಟ್ಟಿಲ್ಲಮ್ಮಾ. ಇಬ್ಬನಿ ನೋಡಿ ಬೇಕಾದ್ರೆ," ಎಂದರು. ಬಾನೆಟ್ ತುಂಬ ಇಬ್ಬನಿ.

ಗಾಜಿನವನೇ ಸೀಟಿನಲ್ಲಿ ಕೂತ. ನಾನು ಸ್ಕ್ರೂಡ್ರೈವರ್ ತೆಗೆದುಕೊಳ್ಳಲಿಲ್ಲ. "ಹೊಡೀರಿ ಅಣ್ಣಾ."

ಇಂಜಿನ್ ಎದ್ದಿತು. ಒಂದು, ಎರಡು, ಮೂರು. ಹತ್ತರ ತನಕ ಎಣಿಸಿದೆ. ಏನೂ ಇಲ್ಲ, ಇಂಜಿನ್ ಓಡುವ ಸದ್ದು ಮಾತ್ರ. ಗಾಜಿನವನು ತಲೆ ಹೊರಹಾಕಿ ಹೆಂಡತಿಯನ್ನು ನೋಡಿದ. "ಅಯ್ಯೋ, ಆ ಮೊಳೆ ಡಬ್ಬ ಎಲ್ಲಿ ಹೋಯ್ತು?" ಎಂದಳು ಆಕೆ. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿತು, ಹೊಗೆಯ ನೆಪ ಹೇಳಿ ಶೆಡ್ಡಿನೊಳಕ್ಕೆ ಬಂದೆ.

ಅಕ್ಕ ಹಿಂದೆಯೇ ಬಂದಳು. ಬಂದು ಗೋಡೆ ನೋಡುತ್ತ ನಿಂತಳು.

"ಅವತ್ತು ನಿನ್ನ ಕರೆದದ್ದು ನಾನು," ಎಂದಳು.

ಪಿನ್ ಎಳೆಯುವ ಮೊದಲು ನನ್ನನ್ನು ಎಬ್ಬಿಸಿದ ಕರೆ. ಮೇಲಿನ ಕಿಟಕಿಯಿಂದ, ಯಾರದೋ ಫೋನೆಂದು, ಮೂರು ಸಲ ಕೂಗಿದ್ದಳು.

"ಗೊತ್ತು," ಎಂದೆ.

"ಗೊತ್ತಿದ್ದೂ ಯಾರ ಹತ್ರಾನೂ ಯಾಕೆ ಹೇಳ್ಲಿಲ್ಲ?"

"ಪಿನ್ ಎಳೀಬೇಕಾಗಿದ್ದು ನಾನು. ನೀನಲ್ಲ."

"ನಾಲ್ಕು ತಿಂಗಳು ಕಾದೆ ಕಣೇ, ನಿನ್ನಿಂದಲೇ ಆಗಿದ್ದು ಅಂತ ಇವಳು ಬಂದು ಬೈತಾಳೆ ಅಂತ. ನೀನು ಬೈದಿದ್ರೆ ನಾನೂ ಬೈದು, ಜಗಳ ಆಡಿ ಮುಗಿಸ್ಬಹುದಿತ್ತು. ನೀನು ಬಾಯೇ ಬಿಡ್ಲಿಲ್ಲ. ನಿನ್ನ ಮುಖ ನೋಡೋಕಾಗ್ದೆ ಚೀಟಿ ಕಳಿಸ್ತಿದ್ದೆ."

ಅವಳಿಗೆ ನನ್ನ ಮೇಲೆ ಕೋಪ ಎಂದುಕೊಂಡಿದ್ದೆ. ಈ ಪುಸ್ತಕದ ತುಂಬ ಅದನ್ನೇ ಬರೆದುಕೊಂಡಿದ್ದೆ. ಒಬ್ಬರು ಮೇಲೆ, ಒಬ್ಬರು ಕೆಳಗೆ, ತಾತ ಇಂಜಿನ್ ಕಾಯಿಸಿದ ಹಾಗೆ ಇಬ್ಬರೂ ತಮ್ಮ ತಮ್ಮ ತಪ್ಪನ್ನೇ ಕಾಯಿಸಿಕೊಂಡು ಕೂತಿದ್ದೆವು.

"ಈಗ ಬೈಯಲಾ?" ಎಂದೆ.

"ಬೈ."

ಬೈದೆ. ಅವಳೂ ಬೈದಳು. ಅಪ್ಪನ ಕಾಲದ ಟಾರ್ಚ್ ಯಾರು ಕಳೆದದ್ದು ಎನ್ನುವವರೆಗೆ ಹೋಯಿತು. ಟಾರ್ಚ್ ಕಳೆದದ್ದು ಅವಳೇ. ತಾತ ಬಂದು ಬಾಗಿಲಲ್ಲಿ ನಿಂತು, ಏನೂ ತೊಂದರೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಟೈರಿನವನಿಗೆ ಬೇರೆ ಜಾಗ ನೋಡಿಕೊಳ್ಳಲು ನಿನ್ನೆಯೇ ಹೇಳಿದ್ದಾಳಂತೆ. ಬೆಳಗಿನ ಪರೀಕ್ಷೆಗೆ ಮೊದಲೇ. "ಸದ್ದು ಬಂದಿದ್ರೆ?" ಎಂದೆ. "ಬಂದಿದ್ರೆ ನೀನು ಮತ್ತೆ ಬಿಚ್ತಿದ್ದೆ," ಎಂದಳು.

ನವೆಂಬರ್ 20, ಗುರುವಾರ

ಗಾಜಿನವನ ಫೋನು, ಆರೂವರೆಗೆ. ಇವತ್ತೂ ಸದ್ದಿಲ್ಲವಂತೆ. ನಾಳೆಯೂ ಹೇಳುತ್ತಾನಂತೆ. ಬೇಡ ಅಣ್ಣಾ ಎಂದರೂ ಕೇಳುವುದಿಲ್ಲ.

ಶೆಡ್ಡಿನ ಗೋಡೆಗೆ ಒಂದು ಮೊಳೆ ಹೊಡೆದು ಎರಡೂ ಪಿನ್ನುಗಳನ್ನು ತೂಗುಹಾಕಿದೆ, ಹಳೆಯದು ಮತ್ತು ಹೊಸದು. ಈ ಪುಸ್ತಕಕ್ಕೆ ಈಗ ಗುರುತಿಲ್ಲ, ಪುಟದ ಮೂಲೆ ಮಡಿಸಿದ್ದೇನೆ. ಬಾಗಿಲ ಮೇಲೆ ಅಕ್ಕನ ಕೈಬರಹದಲ್ಲಿ ಸೀಮೆಸುಣ್ಣದ ಸಾಲು ಬಂದಿದೆ: "ಚೈನ್ ಬಿಚ್ಚಿರುವಾಗ ಯಾರೂ ಕರೆಯಬಾರದು. ನಾನೂ."

ಮಧ್ಯಾಹ್ನ ಹಾಲಿನ ಪಿಕಪ್ ಒಂದು ಬಂತು, ಇಂಜಿನ್ ಕೆಲಸ. ಅಕ್ಕ ಮೆಟ್ಟಿಲಿಳಿದು ಬಾಗಿಲವರೆಗೆ ಬಂದಳು. ನಿಂತಳು. ಕತ್ತು ಚಾಚಿ, ಬೆಂಚಿನ ಮೇಲೆ ಏನೂ ಬಿಚ್ಚಿಲ್ಲವೆಂದು ನೋಡಿಕೊಂಡಳು. ಆಮೇಲೆ ನನ್ನನ್ನು ಕರೆದಳು.